ಎಂಟು ಬೋಲ್ಟು, ಒಂದು ಬೊಟ್ಟು

ಏಪ್ರಿಲ್ 3, 2020, ಶುಕ್ರವಾರ

ಸಾವಿತ್ರಿ ಮನೆ ಬಿಟ್ಟು ಹೋದಳು. ಹೀಗೆ ಬರೆದರೆ ಓದಿದವರು ಏನೇನೋ ತಿಳಿದುಕೊಂಡಾರು. ಈ ಡೈರಿಯನ್ನು ನನ್ನ ಹೊರತು ಯಾರೂ ಓದುವುದಿಲ್ಲವಾದ್ದರಿಂದ ವಾಕ್ಯವನ್ನು ಹಾಗೇ ಬಿಟ್ಟಿದ್ದೇನೆ. ಸಿಟ್ಟಿನಲ್ಲಿರುವವನಿಗೆ ಸಿಟ್ಟಿನ ವಾಕ್ಯವೇ ಬರಬೇಕು.

ಅವಳು ನರ್ಸು. ಐರ್ಲೆಂಡಿನ ನಮ್ಮ ಊರು ಅತ್ಲೋನ್ ಬಿಟ್ಟು ಶಾನನ್ ನದಿಯ ಆಚೆಗೆ ಹೋದರೆ ಸಿಗುವ ಒಂದು ವೃದ್ಧರ ನರ್ಸಿಂಗ್ ಹೋಮಿನಲ್ಲಿ ಬಹಳ ವರ್ಷದಿಂದ ಕೆಲಸ. ನನಗೆ ಆಸ್ತಮಾ. ದಿನಾ ಮನೆಗೆ ಬಂದು ಹೋದರೆ ಊರಿನ ವೈರಸ್ಸನ್ನು ಆ ಮುದುಕರಿಗೆ, ಅಲ್ಲಿಯದನ್ನು ನನ್ನ ಎದೆಗೆ ಸಾಗಿಸಿದಂತೆ ಎನ್ನುವುದು ಅವಳ ವಾದ. ಹಾಗಾಗಿ ಅವಳೂ ಇನ್ನು ಕೆಲವರೂ ಈ ಗಲಾಟೆ ಮುಗಿಯುವವರೆಗೆ ಅಲ್ಲೇ ಉಳಿಯುವುದೆಂದು ತೀರ್ಮಾನ ಮಾಡಿದ್ದಾರೆ. ನನ್ನನ್ನು ಕೇಳಲಿಲ್ಲ. ತಿಳಿಸಿದಳು, ಅಷ್ಟೇ.

“ಎಷ್ಟು ದಿನ ಅಂತ ನಾನು ಒಬ್ಬನೇ ಇರ್ಲಿ?” ಅಂದೆ.

“ಒಬ್ರೇ ಎಲ್ಲಿ, ಸ್ಪಂದನಾ ಇದಾಳಲ್ಲ. ಸಾರಿನ ಪುಡಿ ನೀಲಿ ಡಬ್ಬೀಲಿದೆ. ಇನ್ಹೇಲರ್ ಜೇಬಲ್ಲೇ ಇರ್ಲಿ ರೀ, ಡ್ರಾಯರಲ್ಲಿ ಬೇಡ,” ಅಂದಳು. ಬ್ಯಾಗು ಎತ್ತಿಕೊಂಡು ಹೋದಳು. ತಿರುಗಿ ನೋಡಲಿಲ್ಲ. ನೋಡಿದ್ದರೆ ಹೋಗುತ್ತಿರಲಿಲ್ಲ ಎಂದು ಮಗಳು ಸ್ಪಂದನಾ ಹೇಳುತ್ತಾಳೆ. ಮಗಳು ಯಾವಾಗಲೂ ಅಮ್ಮನ ಕಡೆಯ ವಕೀಲೆ. ಮೇನೂತಿನ ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿದ್ದಾಳೆ, ಕಾಲೇಜು ಮುಚ್ಚಿ ಮನೆಯಲ್ಲಿದ್ದಾಳೆ.

ಆ ಮುದುಕರಿಗೆ ಅವರವರ ಮಕ್ಕಳಿಲ್ಲವೇ? ಕೇಳಬಾರದು. ಆದರೂ ಕೇಳಿದ್ದೇನೆ, ಇಲ್ಲಿ.

ಏಪ್ರಿಲ್ 7, ಮಂಗಳವಾರ

ಪಕ್ಕದ ಮನೆಯ ಮಾರ್ಟಿನ್ ಗೋಡೆಯಾಚೆಯಿಂದ ಕೂಗಿ ಮಾತಾಡಿಸಿದರು. ನಿವೃತ್ತ ಪೋಸ್ಟ್‌ಮಾಸ್ಟರ್. ಎಪ್ಪತ್ತು ದಾಟಿದವರು ಮನೆ ಬಿಟ್ಟು ಕದಲಬಾರದೆಂದು ಸರ್ಕಾರ ಹೇಳಿದೆ. ಅದಕ್ಕೆ ಇಲ್ಲಿ ಕಕೂನಿಂಗ್ ಎಂದು ಹೆಸರಿಟ್ಟಿದ್ದಾರೆ, ರೇಷ್ಮೆಹುಳ ಗೂಡಿನೊಳಗಿದ್ದ ಹಾಗೆ. ನಾನು ರಾಮನಗರದ ಕಡೆಯವನು. ಆ ಗೂಡುಗಳನ್ನು ಕೊನೆಗೆ ಏನು ಮಾಡುತ್ತಾರೆಂದು ಅವರಿಗೆ ಹೇಳಲಿಲ್ಲ.

ಸಾವಿತ್ರಿಯ ವಿಷಯ ಹೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡು, “ನನ್ನ ಕ್ಯಾರವಾನ್ ಸುಮ್ಮನೆ ನಿಂತಿದೆಯಲ್ಲ. ನಿಮ್ಮ ಹಿತ್ತಲಿಗೆ ಎಳ್ಕೊಂಡು ಬನ್ನಿ. ಅವಳು ಅದರಲ್ಲಿರ್ಲಿ, ನೀವು ಮನೇಲಿರಿ. ಗ್ರ್ಯಾಂಡ್,” ಅಂದರು.

ನನಗೆ ಅದು ಹೊಳೆದೇ ಇರಲಿಲ್ಲ! ಹಾಸಿಗೆ, ಒಲೆ, ಸ್ನಾನದ ಮನೆ ಎಲ್ಲ ಇರುವ ದೊಡ್ಡ ಕ್ಯಾರವಾನ್. ಅವರೂ ಹೆಂಡತಿ ಬ್ರೀಡಾ ಅವರೂ ಸುತ್ತಾಡಲು ತಂದಿದ್ದು. ಬ್ರೀಡಾ ತೀರಿಕೊಂಡ ಮೇಲೆ ಇದೇ ರಸ್ತೆಯ ಕೊನೆಯಲ್ಲಿ, ಮಾರ್ಟಿನ್‌ರ ತಮ್ಮನ ಹೊಲದಲ್ಲಿ ನಿಂತಿದೆ. ಸಾವಿತ್ರಿ ಡ್ಯೂಟಿ ಮುಗಿಸಿ ಹಿತ್ತಲ ಗೇಟಿನಿಂದ ಬರಬಹುದು. ನಾನು ಕಿಟಕಿಯಿಂದ ನೋಡಬಹುದು. ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಬರಬಹುದು.

ಎಳೆಯಲು ನನ್ನ ಪಿಕಪ್ ಇದೆ. ರಾಜ್ಯೋತ್ಸವ, ಯುಗಾದಿ ಬಂದಾಗ ಕನ್ನಡ ಸಂಘದ ಪಾತ್ರೆ, ಕುರ್ಚಿ, ಶಾಮಿಯಾನ ಸಾಗಿಸಲೆಂದು ಕೊಂಡದ್ದು. ಸಂಘದ ಸಾಮಾನಿಗೆಂದೇ ಟ್ರೇಲರ್ ಎಳೆಯುವ ಲೈಸೆನ್ಸನ್ನೂ ಮಾಡಿಸಿಕೊಂಡಿದ್ದೆ. ಆಗ ಸಾವಿತ್ರಿ ನಕ್ಕಿದ್ದಳು. ಈಗ ನಗಲಿ.

ಏಪ್ರಿಲ್ 11, ಶನಿವಾರ

ನಗುವ ಸರದಿ ಮತ್ತೆ ಅವಳದೇ ಆಯಿತು. ಎಲ್ಲ ಕ್ಯಾರವಾನುಗಳೂ ಗಾಡಿಯ ಹಿಂದಿನ ಒಂದು ಕಬ್ಬಿಣದ ಉಂಡೆಗೆ ಸಿಕ್ಕಿಕೊಳ್ಳುತ್ತವೆ. ಮಾರ್ಟಿನ್‌ರದು ಹಾಗಲ್ಲ. ಲಾರಿಯ ಬೆನ್ನ ಮೇಲೆ ಕಂಟೇನರ್ ಕೂರುವ ಹಾಗೆ, ಅದರ ಕತ್ತು ಪಿಕಪ್ಪಿನ ಹಿಂದಿನ ಬಾಡಿಯೊಳಕ್ಕೇ ಬಂದು ಕೂರಬೇಕು. ಅಲ್ಲಿ ಅದನ್ನು ಹಿಡಿದುಕೊಳ್ಳಲು ಕಬ್ಬಿಣದ ಭಾರಿ ತಟ್ಟೆಯೊಂದಿರಬೇಕು, ನಡುವೆ ಕಚ್ಚಿಕೊಳ್ಳುವ ದವಡೆ. ಗಾಡಿಗೆ ಕ್ಯಾರವಾನನ್ನು ಸಿಕ್ಕಿಸುವ ಈ ಹಿಚ್ಚಿಗೆ ಫಿಫ್ತ್ ವೀಲ್ ಎಂದು ಹೆಸರು. ಅದರಲ್ಲಿ ಚಕ್ರ ಎಲ್ಲಿದೆಯೆಂದು ನಾನೂ ಸ್ಪಂದನಾಳೂ ಹುಡುಕಿದೆವು, ಇಲ್ಲ.

ತಮ್ಮ ಹಳೆಯ ಗಾಡಿ ಮಾರುವಾಗ ಬಿಚ್ಚಿಟ್ಟುಕೊಂಡ ಹಿಚ್ಚನ್ನು ಮಾರ್ಟಿನ್ ಶೆಡ್ಡಿನ ಬಾಗಿಲಿಗೆ ಎಳೆದಿಟ್ಟು ತಾವು ಒಳಗೆ ಸೇರಿಕೊಂಡರು. ಅದನ್ನು ಎತ್ತಿ ತರುವಷ್ಟರಲ್ಲಿ ನನಗೆ ಇನ್ಹೇಲರ್ ಬೇಕಾಯಿತು. “ಕೂರಿಸೋದು ಹೇಗೆ?” ಎಂದು ಕೇಳಿದರೆ, “ನನಗೇನು ಗೊತ್ತು, ಗ್ಯಾರೇಜಿನವನು ಕೂರಿಸಿದ್ದ. ನಾನು ಚಹಾ ಕುಡೀತಾ ಇದ್ದೆ,” ಅಂದರು. ಗ್ಯಾರೇಜಿಗೆ ಫೋನ್ ಮಾಡಿದೆ. ತುರ್ತು ರಿಪೇರಿ ಬಿಟ್ಟು ಏನೂ ಮಾಡುತ್ತಿಲ್ಲವಂತೆ. ಹೆಂಡತಿಯನ್ನು ಮನೆಗೆ ಕರೆತರುವುದು ತುರ್ತಲ್ಲವಂತೆ.

ಹಾಗಾದರೆ ನಾವೇ. ನಾನು ಸಾಫ್ಟ್‌ವೇರ್ ಪರೀಕ್ಷೆ ಮಾಡುವವನು, ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನು. ಸ್ಪಾನರ್ ಹಿಡಿದವನಲ್ಲ.

ಸಾವಿತ್ರಿಗೆ ಫೋನಿನಲ್ಲಿ ಹೇಳಿದೆ. ಬೇಡವೆನ್ನುತ್ತಾಳೆಂದು ಎಲ್ಲ ವಾದಗಳನ್ನೂ ಸಿದ್ಧಮಾಡಿಕೊಂಡಿದ್ದೆ. ಅವಳು, “ಅಡುಗೆಮನೆ ಕಿಟಕಿ ಎದುರಿಗೇ ನಿಲ್ಸಿ. ನೀವು ಒಗ್ಗರಣೆ ಸೀಯ್ಸೋದನ್ನ ಅಲ್ಲಿಂದ್ಲೇ ನೋಡ್ತೀನಿ,” ಅಂದಳು. ಅಂದರೆ ಬರುತ್ತಾಳೆ! ವಾದಗಳೆಲ್ಲ ವ್ಯರ್ಥವಾದದ್ದಕ್ಕೆ ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಆಮೇಲೆ ಅವಳ ಪುರಾಣ. ಯಾರೋ ನೋರಾ ಅಂತೆ, ತೊಂಬತ್ತು ದಾಟಿದ ಮುದುಕಿ. ತಲೆ ಬಾಚಲು ಸಾವಿತ್ರಿಯೇ ಬೇಕಂತೆ, ಬೇರೆಯವರು ಬಾಚಣಿಗೆ ಹಿಡಿದರೆ ಕೈಗೆ ಹೊಡೆಯುತ್ತಾಳಂತೆ. ನನ್ನ ತಲೆಯಲ್ಲಿ ಬಾಚಲು ಏನೂ ಉಳಿದಿಲ್ಲವಾದ್ದರಿಂದ ಆ ಭಾಗ್ಯ ನೋರಾಳಿಗೆ.

ಏಪ್ರಿಲ್ 14, ಮಂಗಳವಾರ

ಮೀಟಿಂಗು, ಮೀಟಿಂಗು. ಅನ್ನ ತಳ ಹಿಡಿಯಿತು. ಸಂಜೆ ಕಿಟಕಿಯ ಎದುರಿನ ಹುಲ್ಲು ಕೆತ್ತಿ ಕ್ಯಾರವಾನ್ ನಿಲ್ಲಲು ನೆಲ ಸಮ ಮಾಡಿದೆ. ಬೆನ್ನು ಮಾತು ಕೇಳುತ್ತಿಲ್ಲ.

ಏಪ್ರಿಲ್ 18, ಶನಿವಾರ

ಇವತ್ತು ನನ್ನದೇ ಗಾಡಿಗೆ ನಾನೇ ತೂತು ಕೊರೆದೆ. ನೆಟ್ಟಗಿರುವ ವಸ್ತುವಿಗೆ ತೂತು ಹಾಕುವುದು ಎಷ್ಟು ಕಷ್ಟವೆಂದು ಕೊರೆದವನಿಗೇ ಗೊತ್ತು. ಡ್ರಿಲ್ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ, ಮಾರ್ಟಿನ್ ಗೋಡೆಯಾಚೆ ಕುರ್ಚಿ ಹಾಕಿಕೊಂಡು ಒಂದು ಕಪ್ ಚಹಾ ಮುಗಿಸಿದರು.

ಕೆಲಸ ಹೀಗೆ: ಬಾಡಿಯ ನೆಲದ ಮೇಲೆ ಅಡ್ಡಕ್ಕೆ ಎರಡು ಕಬ್ಬಿಣದ ಪಟ್ಟಿಗಳು, ಮುಂದೊಂದು ಹಿಂದೊಂದು. ಪಟ್ಟಿಗೆ ನಾಲ್ಕರಂತೆ ಎಂಟು ಬೋಲ್ಟು, ನೆಲ ತೂರಿ ಕೆಳಗಿನ ಚಾಸಿಯನ್ನು ಹಿಡಿಯಬೇಕು. ಆ ಪಟ್ಟಿಗಳ ಮೇಲೆ ಹಿಚ್ ಕೂರುತ್ತದೆ. ಅದರ ನಡುಭಾಗ ಹಿಂದಿನ ಆಕ್ಸಲ್‌ಗಿಂತ ಒಂದಿಷ್ಟು ಮುಂದಿರಬೇಕು, ಇಲ್ಲವಾದರೆ ಗಾಡಿಯ ಮೂತಿ ಮೇಲೇಳುತ್ತದೆ. ಇದನ್ನೆಲ್ಲ ವಿಡಿಯೊ ನೋಡಿ ಅರ್ಥ ಮಾಡಿಕೊಂಡವಳು ಸ್ಪಂದನಾ. ವಿಡಿಯೊದ ಮನುಷ್ಯ ಇನ್ನೊಂದು ಮಾತು ಒತ್ತಿ ಹೇಳಿದನಂತೆ: ಬೋಲ್ಟ್ ಬಿಗಿ ಮಾಡಿದ ಕೂಡಲೇ ಅದರ ತಲೆಯ ಮೇಲೆ ಕೆಂಪು ಬಣ್ಣದ ಗುರುತು ಹಾಕಿ, ಯಾವುದು ಆಯಿತು ಯಾವುದು ಇಲ್ಲ ಎಂದು ಮರೆಯುವುದಿಲ್ಲ. ಬಣ್ಣದ ಬದಲು ತನ್ನ ಕೆಂಪು ನೈಲ್ ಪಾಲಿಶ್ ಕೊಡುತ್ತಾಳಂತೆ.

ಅವಳು ಗಾಡಿಯ ಕೆಳಗೆ ಟಾರ್ಚ್ ಹಿಡಿದು ಮಲಗಿದ್ದಳು. ಐದನೆಯ ತೂತಿಗೆ ಡ್ರಿಲ್ ಇಟ್ಟೆ. “ಸ್ಟಾಪ್! ಸ್ಟಾಪ್ ಅಪ್ಪ! ಬ್ರೇಕ್ ಪೈಪ್ ಇದೆ!” ಎಂದು ಕಿರುಚಿದಳು. ಪೈಪನ್ನು ಪಕ್ಕಕ್ಕೆ ಸರಿಸಿ ಕಟ್ಟಿ ಮತ್ತೆ ಕೊರೆದೆವು. ಅದೂ ಆಯಿತು. ಕೊರೆದ ಅಂಚುಗಳಿಗೆ ತುಕ್ಕು ಹಿಡಿಯದಂತೆ ಬಣ್ಣ ಬಳಿದೆವು.

ಕೊನೆಯ ತೂತು ಮುಗಿದ ಮೇಲೂ ಅವಳು ಹೊರಗೆ ಬರಲಿಲ್ಲ. ಬಗ್ಗಿ ನೋಡಿದರೆ ಕಾಲು ಮಾತ್ರ ಕಾಣಿಸುತ್ತಿತ್ತು. “ಐ ಮಿಸ್ ಹರ್ ಲೈಕ್ ಮ್ಯಾಡ್, ಅಪ್ಪ,” ಅಂದಳು ಕೆಳಗಿನಿಂದಲೇ.

“ನಂಗೂ ಕಣೇ,” ಅಂದೆ. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲವಾದ್ದರಿಂದ ಇಬ್ಬರಿಗೂ ಅನುಕೂಲವಾಯಿತು.

ಏಪ್ರಿಲ್ 23, ಗುರುವಾರ

ಬೋಲ್ಟುಗಳು ಬಂದವು. ಎಂಟನ್ನೂ ತೂತಿಗಿಳಿಸಿ ನಟ್ಟುಗಳನ್ನು ಕೈಯಲ್ಲಿ ತಿರುಗಿಸಿಟ್ಟಿದ್ದೇವೆ. ಬಿಗಿ ಮಾಡಲು ಹೊರಟರೆ ಸಾವಿತ್ರಿಯ ಆಜ್ಞೆ: ಭಾನುವಾರ ಅಕ್ಷಯ ತದಿಗೆ, ಅವತ್ತು ಪೂಜೆ ಮಾಡಿ ಬಿಗಿ ಮಾಡಿ, ಅಲ್ಲಿವರೆಗೆ ಮುಟ್ಟಬೇಡಿ. ಸರಿ ತಾಯಿ.

ನೋರಾಳ ತಲೆಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿದಳಂತೆ. ಆ ವಾಸನೆ ಹಿಡಿಸಿ, ತನ್ನ ಬಾಲ್ಯದ ಬಿಸ್ಕತ್ತಿನ ವಾಸನೆಯೆಂದು ದಿನವಿಡೀ ಹೇಳಿಕೊಂಡು ತಿರುಗಿದಳಂತೆ.

ಏಪ್ರಿಲ್ 26, ಭಾನುವಾರ

ಬೆಳಿಗ್ಗೆ ಪೂಜೆ. ಗಾಡಿ ತೊಳೆದು, ಅರಿಶಿನ ಹಚ್ಚಿ, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟೆ. ಆಯುಧಪೂಜೆಯಲ್ಲಿ ಸುತ್ತಿಗೆ ಇಕ್ಕಳಕ್ಕೂ ಬೊಟ್ಟು ಇಡುವವರು ನಾವು, ಬೋಲ್ಟುಗಳನ್ನು ಬಿಡಲಾಗುತ್ತದೆಯೇ? ಕುಂಕುಮಕ್ಕೆ ಒಂದು ಹನಿ ಎಣ್ಣೆ ಕಲಸಿ, ಎಂಟಕ್ಕೂ ಒಂದೊಂದು ಬೊಟ್ಟು ಇಟ್ಟೆ. ಎಣ್ಣೆ ಯಾಕೆಂದರೆ ಇಲ್ಲಿಯ ಗಾಳಿಗೆ ಒಣ ಕುಂಕುಮ ಪಕ್ಕದ ಊರಿಗೆ ಹೋಗುತ್ತದೆ. ಸ್ಪಂದನಾ ಇನ್ನೂ ಎದ್ದಿರಲಿಲ್ಲ. ಎಬ್ಬಿಸಲು ಮನಸ್ಸಾಗಲಿಲ್ಲ. ಮಾರ್ಟಿನ್ ಗೋಡೆಯಾಚೆ ಟೋಪಿ ತೆಗೆದು ನಿಂತಿದ್ದರು. ಒಂದು ಬಾಳೆಹಣ್ಣು ಗೋಡೆಯ ಮೇಲಿಟ್ಟೆ.

ಆಮೇಲೆ ಬಿಗಿ ಮಾಡುವ ಕೆಲಸ. ಸಾಕಷ್ಟು ಬಿಗಿಯಾದ ಕೂಡಲೇ ಟಕ್ ಎಂದು ಸದ್ದು ಮಾಡಿ ಹೇಳುವ ಒಂದು ಸ್ಪಾನರ್ ಇದೆ, ಮಾರ್ಟಿನ್‌ರ ತಮ್ಮನದು. ಮುಂದಿನ ಪಟ್ಟಿಯ ನಾಲ್ಕನ್ನೂ ಬಿಗಿ ಮಾಡಿ, ಒಂದೊಂದಕ್ಕೂ ನೈಲ್ ಪಾಲಿಶ್ ಗುರುತು ಹಾಕಿದೆ. ಅಷ್ಟರಲ್ಲಿ ಸಾವಿತ್ರಿಯ ಫೋನು. ಆ ಹೊತ್ತಿಗೆ ಅವಳು ಎಂದೂ ಮಾಡುವುದಿಲ್ಲ. ಸ್ಪಾನರ್ ಅಲ್ಲೇ ಹಾಕಿ ಒಳಗೆ ಓಡಿದೆ.

ಅಲ್ಲಿ ಇಬ್ಬರು ವೃದ್ಧರಿಗೂ ಒಬ್ಬಳು ನರ್ಸಿಗೂ ಪಾಸಿಟಿವ್ ಬಂದಿದೆ. ಇವಳದು ನೆಗೆಟಿವ್. ಏನು ಮಾತಾಡಿದೆನೋ ನೆನಪಿಲ್ಲ. ಮತ್ತೆ ಹೊರಗೆ ಹೋಗಲಿಲ್ಲ, ಸೋಫಾದ ಮೇಲೆ ಕುಳಿತಿದ್ದೆ. ಸಂಜೆ ನೋಡಿದರೆ ಸ್ಪಂದನಾ ಎಲ್ಲ ಮುಗಿಸಿ, ಸಾಮಾನನ್ನು ಒರೆಸಿ ಡಬ್ಬಿಗೆ ಹಾಕಿಟ್ಟಿದ್ದಾಳೆ. ಒಳ್ಳೆಯ ಮಗಳು. ಹೇಳದೆ ಅರ್ಥ ಮಾಡಿಕೊಳ್ಳುತ್ತಾಳೆ.

ಏಪ್ರಿಲ್ 27, ಸೋಮವಾರ

ಬರುವುದಿಲ್ಲವಂತೆ. ಕ್ಯಾರವಾನ್ ಬಂದರೂ.

ಏಪ್ರಿಲ್ 30, ಗುರುವಾರ

ಮೂರು ದಿನ ಪಿಕಪ್ಪಿನ ಹತ್ತಿರ ಹೋಗಲಿಲ್ಲ. ಅದರ ಮುಖ ನೋಡಿದರೆ ಕೋಪ ಬರುತ್ತಿತ್ತು.

ಇವತ್ತು ಸಾವಿತ್ರಿಯನ್ನು ಕೇಳಿದೆ, ರಾತ್ರಿ ಎಲ್ಲಿ ಮಲಗುತ್ತೀಯೆಂದು. ಇಷ್ಟು ದಿನ ಕೇಳಿಯೇ ಇರಲಿಲ್ಲ. ಮೊದಲು ಹಾರಿಕೆಯ ಉತ್ತರ ಕೊಟ್ಟಳು. ಬಿಡದೆ ಕೇಳಿದ್ದಕ್ಕೆ, “ಇಲ್ಲಿ ಅಜ್ಜಿಯಂದಿರ ಕೂದಲು ಕತ್ತರಿಸೋ ರೂಮಿದೆಯಲ್ಲ, ಅದ್ರಲ್ಲಿ ಒಂದು ಕುರ್ಚಿ ಹಿಂದಕ್ಕೆ ಬಾಗುತ್ತೆ. ಎದುರಿಗೆ ಇನ್ನೊಂದು ಕುರ್ಚಿ ಇಟ್ಕೊಂಡು ಕಾಲು ಚಾಚ್ತೀನಿ. ಆರಾಮಾಗಿದೆ,” ಅಂದಳು. ಸೋಫಾಗಳಿದ್ದ ದೊಡ್ಡ ಕೋಣೆಯನ್ನು ಕಾಯಿಲೆಯವರಿಗೆ ಬಿಟ್ಟುಕೊಟ್ಟಿದ್ದಾರಂತೆ. ಅವಳ ಸೊಂಟ ನನಗೆ ಗೊತ್ತು. ಸ್ಪಂದನಾ ಹುಟ್ಟಿದಾಗಿನಿಂದ ಮೆತ್ತನೆ ಹಾಸಿಗೆಯಲ್ಲೇ ನೋಯುತ್ತದೆ.

“ಬಂದ್ಬಿಡು ಸಾವಿತ್ರಿ,” ಅಂದೆ. “ಬೇರೆ ಯಾರಾದ್ರೂ ನೋಡ್ಕೋತಾರೆ.”

“ಯಾರು ರೀ? ಇನ್ನೂ ಇಬ್ಬರು ನರ್ಸುಗಳು ಕಾಯಿಲೆ ಬಿದ್ದು ಮಲಗಿದಾರೆ. ನೋರಾಗೆ ನಿನ್ನೆಯಿಂದ ಜ್ವರ.” ಆಮೇಲೆ, “ಬರ್ಬೇಕು ಅನ್ಸುತ್ತೆ. ದಿನಾ ಅನ್ಸುತ್ತೆ. ಆದ್ರೆ ಬರಲ್ಲ,” ಅಂದಳು.

ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವಳು ಅಳುವುದನ್ನು ತಡೆದುಕೊಂಡ ಸದ್ದು ನನಗೆ ಚೆನ್ನಾಗಿ ಗೊತ್ತಿದೆ. ಫೋನಿನಲ್ಲಿ ಅದು ಇನ್ನೂ ಹತ್ತಿರ ಕೇಳಿಸುತ್ತದೆ.

ಮೇ 2, ಶನಿವಾರ

ಇಷ್ಟು ಕಷ್ಟಪಟ್ಟು ಕೂರಿಸಿದ್ದನ್ನು ಒಮ್ಮೆ ಪರೀಕ್ಷೆಯಾದರೂ ಮಾಡಬೇಕಲ್ಲ. ಪಟ್ಟಿಗಳ ಮೇಲೆ ಹಿಚ್ ಕೂರಿಸಿಕೊಂಡು ಹೊಲಕ್ಕೆ ಹೋದೆವು. ಸ್ಪಂದನಾ ಕೈ ತೋರಿಸುತ್ತ ನಿಂತಳು, ನಾನು ಹಿಂದಕ್ಕೆ ಹಿಂದಕ್ಕೆ ಹೋದೆ. ಕ್ಯಾರವಾನಿನ ಕತ್ತಿನ ಕೆಳಗಿರುವ ಗೂಟ ಹಿಚ್ಚಿನ ದವಡೆಗೆ ಬಂದು ಖಟ್ ಎಂದು ಕಚ್ಚಿಕೊಂಡಿತು. ಕಣ್ಣಲ್ಲಿ ನೀರು ಬಂತು. ನಾನು ಮಾಡಿದ ಯಾವ ವಸ್ತುವೂ ಇದುವರೆಗೆ ಖಟ್ ಎಂದಿರಲಿಲ್ಲ.

ನಿಧಾನಕ್ಕೆ ಹೊಲ ಸುತ್ತಿಸಿದೆ. ತಿರುವಿನಲ್ಲಿ ಹಿಂದಿನಿಂದ ಟಕ ಟಕ ಎಂದು ಸದ್ದು. ಸ್ಪಂದನಾ ಮಾರ್ಟಿನ್‌ಗೆ ಫೋನ್ ಮಾಡಿ ಆ ಸದ್ದು ಕೇಳಿಸಿದಳು. “ಬ್ರೀಡಾ ಇದ್ದಾಗಲೂ ಅದು ಹಾಗೇ ಗೊಣಗ್ತಿತ್ತು. ಹಳೇ ಮರ,” ಅಂದರು. ಹಾಗಿದ್ದರೆ ಸರಿ.

ಸಂಜೆ ಸಾವಿತ್ರಿಯೊಡನೆ ಮಾತಾಡುವಾಗ ಅಲ್ಲಿಯ ಕಾರ್ ಪಾರ್ಕಿನ ಗೇಟು ಎಷ್ಟು ಅಗಲವಿದೆಯೆಂದು ಕೇಳಿದೆ. ಸುಮ್ಮನೆ ಕೇಳಿದ್ದು.

ಮೇ 3, ಭಾನುವಾರ

ಇದನ್ನು ಬರೆಯಲು ಕೂರುವ ಮೊದಲು ಹೊರಗೆ ಹೋಗಿ ಎಂಟು ಬೋಲ್ಟನ್ನೂ ಇನ್ನೊಮ್ಮೆ ಮುಟ್ಟಿ ನೋಡಿ ಬಂದೆ.

ಆ ಟಕ ಟಕ ಸದ್ದಿನ ವಿಷಯ ಸಾವಿತ್ರಿಗೆ ಹೇಳಿದೆ. “ನೀವು ಮಾಡಿರೋದನ್ನ ತೋರ್ಸಿ, ನಾನೂ ನೋಡ್ತೀನಿ,” ಅಂದಳು. ಸ್ಪಂದನಾ ವಿಡಿಯೊ ಕಾಲ್ ಹಚ್ಚಿ, ಪಿಕಪ್ಪಿನ ಬಾಡಿಗೆ ಹತ್ತಿ, ಹೊಸ ಮನೆ ತೋರಿಸುವವರ ಹಾಗೆ ಎಲ್ಲ ತೋರಿಸಿದಳು. ಸಾವಿತ್ರಿ ಮೆಚ್ಚಿಕೊಂಡಳು. ಆಮೇಲೆ, “ಬೊಟ್ಟು ಇಟ್ಟಿದೀರಿ, ಸರಿ. ಆದ್ರೆ ಮುಂದಿನ ನಾಲ್ಕಕ್ಕೆ ಎರಡೆರಡು, ಹಿಂದಿನ ನಾಲ್ಕಕ್ಕೆ ಒಂದೊಂದೇ. ಪೂಜೇಲೂ ಪಕ್ಷಪಾತ ಯಾಕ್ರೀ?” ಅಂದಳು.

ನಾನು ನಕ್ಕೆ. “ಮುಂದಿನವಕ್ಕೆ ನಾನೇ ಗುರುತು ಹಾಕಿದ್ದು. ಹಿಂದಿನವಕ್ಕೆ ನಿನ್ನ ಮಗಳು ಹಾಕೋಕೆ ಮರೆತಿದಾಳೆ.”

ಸ್ಪಂದನಾ ನನ್ನ ಮುಖ ನೋಡಿದಳು. “ವಾಟ್? ನಾನ್ಯಾವ್ದೂ ಟೈಟ್ ಮಾಡ್ಲಿಲ್ಲ ಅಪ್ಪ. ಐ ಕೇಮ್ ಔಟ್ ಆಂಡ್ ಎಲ್ಲಾದ್ರ ಮೇಲೂ ರೆಡ್ ಇತ್ತು. ಐ ಥಾಟ್ ಯು ವರ್ ಡನ್. ಸೋ ಐ ಟೈಡೀಡ್ ಅಪ್.”

“ಅದು ಕುಂಕುಮ ಕಣೇ!”

“ಹೌ ವುಡ್ ಐ ನೋ ಇಟ್ಸ್ ಕುಂಕುಮ? ಎಣ್ಣೆ ಹಾಕಿ ಕಲಸಿದೀರಿ!”

ನಾನು ಬಗ್ಗಿ ಹಿಂದಿನ ಪಟ್ಟಿಯ ಮೊದಲ ಬೋಲ್ಟನ್ನು ಎರಡು ಬೆರಳಲ್ಲಿ ಹಿಡಿದೆ. ತಿರುಗಿತು. ಎರಡನೆಯದೂ ತಿರುಗಿತು. ಮೂರನೆಯದಕ್ಕೆ ಕೆಳಗೆ ನಟ್ಟೇ ಇರಲಿಲ್ಲ, ಹೊಲದಲ್ಲೆಲ್ಲೋ ಬಿದ್ದಿದೆ. ಮಾರ್ಟಿನ್‌ರ ಕ್ಯಾರವಾನ್ ಏನೂ ಗೊಣಗಿರಲಿಲ್ಲ ಪಾಪ, ನನ್ನ ಗಾಡಿಯೇ ಕೂಗಿ ಹೇಳುತ್ತಿತ್ತು. ಅಷ್ಟು ಭಾರವನ್ನು ಅರ್ಧ ಹಿಚ್ಚಿನ ಮೇಲೆ ಹೇರಿಕೊಂಡು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ರಸ್ತೆಗೆ ಇಳಿಯುವವನಿದ್ದೆ.

ನನಗೆ ಉಸಿರು ಹಿಡಿಯಿತು. ಫೋನಿನಿಂದ ಸಾವಿತ್ರಿ, “ಇನ್ಹೇಲರ್! ಜೇಬಲ್ಲಿದೆ, ತಗೊಳಿ. ಕೂತ್ಕೊಳಿ. ಸ್ಪಂದನಾ, ಅಪ್ಪನ್ನ ಕೂರ್ಸು,” ಎಂದು ನರ್ಸಿನ ದನಿಯಲ್ಲಿ ಹೇಳಿದಳು. ಅಷ್ಟು ದೂರದಿಂದ ಹೇಳಿದರೂ ಎದೆ ಅವಳ ಮಾತು ಕೇಳಿತು. ಜೇಬಲ್ಲೇ ಇತ್ತು.

ಯಾರು ಯಾರನ್ನು ಬಯ್ಯುವುದು? ಸ್ಪಂದನಾ ಅಳತೊಡಗಿದಳು, ನಾನು ಅವಳ ತಲೆ ಸವರಿದೆ, ಸಾವಿತ್ರಿ ಇಬ್ಬರಿಗೂ ಬಯ್ದು ಸಮಾಧಾನ ಮಾಡಿದಳು. ಹೊಸ ನಟ್ಟು ಹಾಕಿ ಎಂಟನ್ನೂ ಮತ್ತೆ ಮೊದಲಿನಿಂದ ಬಿಗಿ ಮಾಡಿದೆವು. ಒಬ್ಬರು ಬಿಗಿ ಮಾಡುವುದು, ಇನ್ನೊಬ್ಬರು ಸದ್ದು ಕೇಳುವುದು, ಸಾವಿತ್ರಿ ಫೋನಿನಲ್ಲಿ ನೋಡುವುದು. ಗುರುತಿಗೆ ಬೇರೆ ಬಣ್ಣವೇ ಬೇಕೆಂದಾಯಿತು. ಸ್ಪಂದನಾ ಕಪ್ಪು ಪಾಲಿಶ್ ತಂದಳು. “ಶುಭ ಕಾರ್ಯಕ್ಕೆ ಕಪ್ಪಾ?” ಎಂದು ಸಾವಿತ್ರಿ ಗದರಿದಳು. ಕೊನೆಗೆ ಹಸಿರು. ಇಲ್ಲಿ ಎಲ್ಲರೂ ಹಸಿರು ತೊಡುವ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ಕೊಂಡದ್ದಂತೆ, ಈ ಸಲ ಹಬ್ಬವೇ ನಡೆಯಲಿಲ್ಲ.

ಮೇ 6, ಬುಧವಾರ

ನೋರಾ ಗಂಜಿ ಕುಡಿದಳಂತೆ. ಬೆಳಿಗ್ಗೆ ಫೋನ್ ಎತ್ತಿದ ಕೂಡಲೇ ಕೇಳಿದೆ.

ಕಿಟಕಿಯ ಎದುರು ಸಮ ಮಾಡಿದ ನೆಲಕ್ಕೆ ಕೊತ್ತಂಬರಿ ಬೀಜ ಚೆಲ್ಲಿದೆ. ಸುಮ್ಮನೆ ಖಾಲಿ ಬಿಡುವುದೇಕೆ.

ಮೇ 9, ಶನಿವಾರ

ಸಾಮಾನು ತುಂಬಿದೆವು: ಹೊಸ ಹಾಸಿಗೆ, ಅವಳ ದಿಂಬು, ಸಣ್ಣ ಕುಕ್ಕರ್, ಚಟ್ನಿಪುಡಿ, ಫಿಲ್ಟರ್, ಕಾಫಿಪುಡಿ, ಕುಂಕುಮದ ಭರಣಿ. ನೋರಾಗೆ ಒಂದು ಬಾಟಲಿ ಕೊಬ್ಬರಿ ಎಣ್ಣೆ. ಮಾರ್ಟಿನ್ ಬ್ರೀಡಾ ಹೆಣೆದ ಒಂದು ಕಂಬಳಿಯನ್ನು ಗೋಡೆಯ ಮೇಲಿಟ್ಟು ಒಳಗೆ ಹೋದರು.

ಹೊಲದಲ್ಲಿ ಕ್ಯಾರವಾನ್ ಸಿಕ್ಕಿಸಿಕೊಂಡು ರಸ್ತೆಗೆ ಇಳಿದಾಗ ಹಿಂದಿನಿಂದ ಒಂದೇ ಒಂದು ಸದ್ದಿಲ್ಲ. ನಮ್ಮ ಮನೆಯ ತಿರುವು ಬಂತು. ಸ್ಪಂದನಾ ನನ್ನನ್ನು ನೋಡಿದಳು. ನಾನು ನೇರ ಹೋದೆ.

ಸೇತುವೆಯ ಹತ್ತಿರ ಪೊಲೀಸರ ತಪಾಸಣೆ. ಎಲ್ಲರೂ ಮನೆಯಿಂದ ಐದು ಕಿಲೋಮೀಟರಿನೊಳಗೇ ಇರಬೇಕಾದ ಕಾಲದಲ್ಲಿ ನಾವು ಮನೆಯನ್ನೇ ಎಳೆದುಕೊಂಡು ಹೊರಟಿದ್ದೆವು. ಒಬ್ಬ ಗಾರ್ಡ್ (ಇಲ್ಲಿ ಪೊಲೀಸನಿಗೆ ಹಾಗೆನ್ನುತ್ತಾರೆ) ಕ್ಯಾರವಾನನ್ನು ಈ ಕಡೆಯಿಂದ ಆ ಕಡೆಯವರೆಗೆ ನೋಡಿ, ಪ್ರವಾಸ ಎಲ್ಲಿಗೆ ಎಂದ.

“ಪ್ರವಾಸ ಅಲ್ಲ. ನನ್ನ ಹೆಂಡತಿ ನರ್ಸಿಂಗ್ ಹೋಮಿನಲ್ಲಿ ಕುರ್ಚಿ ಮೇಲೆ ಮಲಗ್ತಿದಾಳೆ. ಇದು ಅವಳ ಹಾಸಿಗೆ,” ಎಂದೆ.

ಅವನು ಹಿಂದೆ ಹೋಗಿ ಹಿಚ್ ನೋಡಿದ. ಹಸಿರು ಚುಕ್ಕಿಗಳನ್ನು ನೋಡಿ, ಯಾರು ಕೂರಿಸಿದ್ದೆಂದು ಕೇಳಿದ. ನಾವೇ ಅಂದೆ. ಅವನ ಹುಬ್ಬು ಮೇಲೆ ಹೋಯಿತು.

“ಎವ್ರಿ ಸಿಂಗಲ್ ಬೋಲ್ಟ್ ಈಸ್ ಟೈಟ್, ಗಾರ್ಡ್,” ಎಂದಳು ಸ್ಪಂದನಾ, ಅಪ್ಪಟ ಅತ್ಲೋನಿನ ಇಂಗ್ಲಿಷಿನಲ್ಲಿ. “ಬಿಲೀವ್ ಮಿ. ಮೈ ಮಾಮ್ ವಾಚ್ಡ್.”

ಅವನು ನಕ್ಕು ಕೈ ಬೀಸಿದ.

ಕಾರ್ ಪಾರ್ಕಿನ ಗೇಟು ಸಾಲುವಷ್ಟು ಅಗಲವಿತ್ತು. ಮೂಲೆಯಲ್ಲಿ ನಿಲ್ಲಿಸಿ, ಕ್ಯಾರವಾನಿನ ಕಾಲುಗಳನ್ನು ಇಳಿಸಿ, ದವಡೆ ಬಿಡಿಸಿ, ಬೀಗದ ಕೈಯನ್ನು ಗೋಡೆಯ ಮೇಲಿಟ್ಟು ಗಾಡಿಯಲ್ಲಿ ಕುಳಿತೆವು. ಸಾವಿತ್ರಿ ಹೊರಗೆ ಬಂದಳು. ಮಾಸ್ಕು, ಏಪ್ರನ್ನು. ಇಳಿದುಹೋಗಿದ್ದಾಳೆ. ಬಟ್ಟೆ ಬೇರೆ ಯಾರದೋ ಹಾಗೆ ಕಾಣುತ್ತಿತ್ತು. ಓಡಿಹೋಗಿ ತಬ್ಬಿಕೊಳ್ಳಬೇಕೆನಿಸಿತು. ಅವಳಿಗೂ ಅದು ತಿಳಿದಿರಬೇಕು, ದೂರದಿಂದಲೇ ಕೈ ಅಡ್ಡ ಹಿಡಿದಳು. “ಕಿಟಕಿ ಏರ್ಸಿ ರೀ. ಪೂರ್ತಿ.”

ಅವಳು ಕ್ಯಾರವಾನಿನೊಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಕುಂಕುಮದ ಭರಣಿಯೂ ಆ ಎಣ್ಣೆಯ ಬಾಟಲಿಯೂ ಇದ್ದವು. ಕ್ಯಾರವಾನಿನ ಬಾಗಿಲಿಗೆ ಒಂದು ಬೊಟ್ಟು ಇಟ್ಟಳು. ಪಿಕಪ್ಪಿನ ಹತ್ತಿರ ಬಂದಳು. ಗಾಜಿನ ಆಚೆ ಅವಳು, ಈಚೆ ನಾನು. ಯಾವಾಗ ಮನೆಗೆ ಬರುತ್ತೀಯೆಂದು ಕೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ.

“ನೋರಾ ಹೇಗಿದಾರೆ?” ಎಂದು ಕೂಗಿದೆ.

“ಜ್ವರ ಬಿಟ್ಟಿದೆ!” ಎಂದಳು. ಮಾಸ್ಕಿನ ಮೇಲೆ ಅವಳ ಕಣ್ಣು ನಗುತ್ತಿತ್ತು. ಬೆರಳಿಗೆ ಎಣ್ಣೆ ಮಾಡಿಕೊಂಡು, ಕುಂಕುಮದಲ್ಲಿ ಅದ್ದಿ, ಗಾಜಿನ ಮೇಲೆ, ಸರಿಯಾಗಿ ನನ್ನ ಹಣೆಯ ನೇರಕ್ಕೆ ಒಂದು ಬೊಟ್ಟು ಇಟ್ಟಳು. ನಾನು ಹಣೆಯನ್ನು ಗಾಜಿಗೆ ಒತ್ತಿಕೊಂಡೆ. ಅವಳು ಬೆರಳು ತೆಗೆಯಲಿಲ್ಲ.

ಸ್ಪಂದನಾ ಆ ಕಡೆಯ ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತಿದ್ದಳು.

ಮೇ 10, ಭಾನುವಾರ

ಸಾವಿತ್ರಿ ನಿನ್ನೆ ರಾತ್ರಿ ಕ್ಯಾರವಾನಿನಲ್ಲಿ ತಾನು ಮಲಗದೆ, ಜ್ವರದಿಂದ ಎದ್ದ ಇನ್ನೊಬ್ಬ ನರ್ಸಿಗೆ ಹಾಸಿಗೆ ಬಿಟ್ಟುಕೊಟ್ಟಳಂತೆ. ಬಯ್ಯಬೇಕೆಂದುಕೊಂಡೆ. ಮಾರ್ಟಿನ್‌ರ ತಮ್ಮನ ಹೊಲದಲ್ಲಿ ಇನ್ನೊಂದು ಕ್ಯಾರವಾನ್ ಇದೆಯೇ ಎಂದು ಕೇಳಿ ನೋಡುತ್ತೇನೆ.

ಮಧ್ಯಾಹ್ನ ಮೋಡ ಕವಿಯಿತು. ಇಷ್ಟು ದಿನ ಬಾರದ ಮಳೆಗೆ ಇವತ್ತೇ ಬಿಡುವಾಯಿತು. ಊಟ ಅರ್ಧಕ್ಕೆ ಬಿಟ್ಟು ಶೆಡ್ಡಿನಿಂದ ಸಂಘದ ಶಾಮಿಯಾನದ ಬಟ್ಟೆ ಎಳೆದು ತಂದು ಪಿಕಪ್ಪಿಗೆ ಹೊದಿಸಿದೆ. ಸ್ಪಂದನಾ ಬಾಗಿಲಲ್ಲಿ ನಿಂತು, ಏನು ಮಾಡುತ್ತಿದ್ದೀರೆಂದು ಕೇಳಿದಳು.

“ಹಿಚ್ಚು ತುಕ್ಕು ಹಿಡಿಯುತ್ತೆ,” ಅಂದೆ.

“ಹಿಚ್ ಹಿಂದೆ ಇದೆ ಅಪ್ಪ. ನೀವು ಮುಚ್ಚಿರೋದು ನಿಮ್ಮ ಸೀಟಿನ ಕಿಟಕೀನ.”

ಅವಳು ಮಳೆಯಲ್ಲೇ ಬಂದು, ಬಟ್ಟೆ ಹಾರದಂತೆ ಅದರ ಅಂಚನ್ನು ಬಾಗಿಲಿನ ಹಿಡಿಗೆ ಗಂಟು ಹಾಕಿ ಕಟ್ಟಿದಳು. ಬಿಗಿಯಾಗಿದೆಯೇ ಎಂದು ಒಮ್ಮೆ ಎಳೆದು ನೋಡಿದಳು. ನಾನೂ ಒಮ್ಮೆ ಎಳೆದು ನೋಡಿದೆ.